ಒಲೆ ಇಲ್ಲದ ಟ್ರಿಪ್

ನಮ್ಮ ಮನೆಯವರು ಎಲ್ಲಿಗೇ ಹೊರಟರೂ ಜೀಪಿಗೆ ಮೊದಲು ಹತ್ತುವುದು ಗ್ಯಾಸ್ ಒಲೆ. ಅದರ ಹಿಂದೆ ಸಣ್ಣ ಸಿಲಿಂಡರ್, ರೊಟ್ಟಿ ಹಂಚು, ಅಕ್ಕಿ ಹಿಟ್ಟಿನ ಡಬ್ಬ, ನಾಲ್ಕು ತೆಂಗಿನಕಾಯಿ. ಕೊನೆಗೆ ಇವೆಲ್ಲದರ ನಡುವೆ ಕಾಲಿಡಲು ಜಾಗ ಮಾಡಿಕೊಂಡು ಅಮ್ಮ ಹತ್ತುತ್ತಾಳೆ. ಹೋಟೆಲಿಗೆ ದುಡ್ಡು ಸುರಿಯದೆ ಊರು ನೋಡುವುದು ಹೇಗೆಂದು ನಮ್ಮನ್ನು ನೋಡಿ ಕಲಿಯಬೇಕು ಅಂತ ಅಪ್ಪ ನಮ್ಮೂರು ಗೋಣಿಬೀಡಿನಲ್ಲೆಲ್ಲ ಹೇಳಿಕೊಂಡು ಬರುತ್ತಾರೆ.

ಹೋದ ವರ್ಷ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಎಲ್ಲರೂ ಸೂರ್ಯ ಮುಳುಗುವುದನ್ನು ನೋಡಲು ಮೇಲೆ ಹೋದಾಗ ಅಮ್ಮ ಗಾಳಿಗೆ ಒಲೆ ಆರದಂತೆ ಜೀಪಿನ ಮರೆಯಲ್ಲಿ ಕೂತು ರೊಟ್ಟಿ ಬೇಯಿಸುತ್ತಿದ್ದಳು. ನಾವು ಇಳಿದು ಬಂದ ಮೇಲೆ, "ಚೆನ್ನಾಗಿತ್ತಾ?" ಎಂದು ಕೇಳಿದಳು. ಎಲ್ಲರ ಬಾಯಲ್ಲೂ ರೊಟ್ಟಿ ಇತ್ತು. ನನ್ನ ಬಾಯಲ್ಲೂ.

ಮನೆಯಲ್ಲೂ ಅವಳಿಗೆ ಬಿಡುವಿಲ್ಲ. ನಮ್ಮದು ಮೂರು ರೂಮಿನ ಹೋಮ್‌ಸ್ಟೇ. ಅದು ಶುರುವಾದ ವರ್ಷವೇ ನಾನು ಒಂಬತ್ತನೇ ಕ್ಲಾಸು ಬಿಟ್ಟು ಅಮ್ಮನ ಜೊತೆ ನಿಂತೆ. ಬಂದವರಿಗೆಲ್ಲ ಅಡುಗೆ ಅವಳದು, ಪಾತ್ರೆ ಮತ್ತು ಬುಕಿಂಗ್ ನನ್ನದು. ಫೋನಿನಲ್ಲಿ ಹೊಸಬರೊಡನೆ ಮಾತಾಡಲು ನನಗೆ ಆಗುವುದಿಲ್ಲ, ಎಲ್ಲವನ್ನೂ ವಾಟ್ಸಾಪಿನಲ್ಲೇ ಮುಗಿಸುತ್ತೇನೆ.

ಈ ಸಲ ಫೆಬ್ರವರಿ ಕೊನೆಗೆ ರೊಬಸ್ಟಾ ಕಾಫಿಯ ಕೊಯ್ಲು ಮುಗಿಯಿತು. ಗಿಡ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿರಲಿಲ್ಲ. ತೋಟ ನಮ್ಮನ್ನು ಬಿಟ್ಟುಕೊಡುವುದು ವರ್ಷಕ್ಕೆ ಈ ಹತ್ತು ದಿನ ಮಾತ್ರ. ಸಂಜೆ ಜಗಲಿಯಲ್ಲಿ ಮಾತು ಎದ್ದಿತು.

"ಕಾಪು ಹತ್ರ ಸಮುದ್ರದ ಪಕ್ಕ ಒಂದು ಮನೆ ಬಾಡಿಗೆಗೆ ಸಿಗುತ್ತಂತೆ," ಎಂದರು ಚಿಕ್ಕಪ್ಪ ಯೋಗೇಶ್. "ಅಡುಗೆಮನೆನೂ ಇದೆ. ಮೀನೊಂದು ತಗೊಂಡ್ರೆ ಮುಗೀತು."

"ಹಂಗಾದ್ರೆ ಖರ್ಚೇ ಇಲ್ಲ ಅನ್ನು ಮಾರಾಯ," ಅಪ್ಪ ಕಾಲು ಚಾಚಿದರು.

ಅಮ್ಮ ಆಗಲೇ ಯಾವ ಯಾವ ಪಾತ್ರೆ ಒಯ್ಯಬೇಕೆಂದು ಲೆಕ್ಕ ಹಾಕುತ್ತಿದ್ದಳು. ಅವಳ ತುಟಿ ಅಲ್ಲಾಡುವುದು ನನಗೆ ಕಾಣುತ್ತಿತ್ತು.

"ಅಮ್ಮಂದು ಖರ್ಚಲ್ವ?" ಎಂದೆ.

ನನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದ್ದೆ. ಆದರೂ ಎಲ್ಲರೂ ತಿರುಗಿದರು.

"ಓಹೋ, ಧನ್ಯಾಗೆ ಬಾಯಿ ಬಂತು!" ಎಂದರು ಚಿಕ್ಕಪ್ಪ. "ಅತ್ತಿಗೆ, ಮಳೆ ಬರುತ್ತೆ ನೋಡಿ ಇವತ್ತು."

"ಅವಳಿಗೆಂತ ಗೊತ್ತು," ಎಂದರು ಅಪ್ಪ. "ಐದು ಜನ ಎರಡು ದಿನ ಹೋಟ್ಲಲ್ಲಿ ತಿಂದ್ರೆ ಒಂದು ಮೂಟೆ ಕಾಫಿ ಹೋಯ್ತು."

"ಹೋಟ್ಲು ಬೇಡ. ಕಮ್ಮಿ ದುಡ್ಡಲ್ಲೇ ನಾನು ನೋಡ್ತೀನಿ. ಆದ್ರೆ ಅಮ್ಮ ಅಲ್ಲಿ ಅಡುಗೆ ಮಾಡಲ್ಲ."

"ನೋಡು ನೋಡು," ಎಂದು ಅಪ್ಪ ನಕ್ಕರು.

ಕಾಪುವಿನಲ್ಲಿ ದೀಪಶ್ರೀ ಅಕ್ಕನ ಹೋಮ್‌ಸ್ಟೇ ಇದೆ. ಒಬ್ಬರನ್ನೊಬ್ಬರು ನೋಡಿಲ್ಲ. ಎರಡು ವರ್ಷದಿಂದ ಅವರ ಗಿರಾಕಿಗಳನ್ನು ನಮ್ಮಲ್ಲಿಗೆ, ನಮ್ಮವರನ್ನು ಅವರಲ್ಲಿಗೆ ಕಳಿಸಿಕೊಳ್ಳುತ್ತೇವೆ, ಅಷ್ಟೇ ಪರಿಚಯ. ಮೆಸೇಜು ಬರೆದು ಮೂರು ಸಲ ಅಳಿಸಿ, ನಾಲ್ಕನೇ ಸಲ ಕಳಿಸಿದೆ: ಅಜ್ಜಿಯೂ ಸೇರಿ ನಾವು ಐದು ಜನ ಎರಡು ದಿನ ನಿಮ್ಮಲ್ಲಿ ಇರುತ್ತೇವೆ, ಊಟ ನಿಮ್ಮದು. ಮಳೆಗಾಲದಲ್ಲಿ ನೀವು ಎರಡು ದಿನ ನಮ್ಮಲ್ಲಿಗೆ ಬನ್ನಿ, ಊಟ ನಮ್ಮದು. ದುಡ್ಡು ಬೇಡ.

ಉತ್ತರವಾಗಿ ವಾಯ್ಸ್ ಮೆಸೇಜಿನಲ್ಲಿ ಅವರ ದನಿಯೇ ಬಂತು. "ಅಯ್ಯೋ, ಇದು ನಂಗೆ ಹೊಳೀಲೇ ಇಲ್ಲ ಮಾರಾಯ್ತಿ! ನಮ್ಮ ಯಜಮಾನ್ರು ಕಾಫಿ ಗಿಡವೇ ನೋಡ್ಲಿಲ್ಲ. ಜೂನಿಗೆ ಬರ್ತೇವೆ, ಆಯ್ತಾ?"

ಅಪ್ಪ ಅದನ್ನು ಎರಡು ಸಲ ಕೇಳಿಸಿಕೊಂಡರು. ಡೀಸೆಲ್ ಬಿಟ್ಟರೆ ಬೇರೆ ಖರ್ಚಿಲ್ಲ ಎಂದು ಖಾತ್ರಿಯಾದ ಮೇಲೆ ಮೀಸೆ ಸವರಿಕೊಂಡರು. ಆಮೇಲೆ ಏನೋ ಹೊಳೆದಂತೆ ನನ್ನತ್ತ ನೋಡಿದರು.

"ಅಲ್ಲ ಕಣೆ, ಅವ್ರು ಜೂನಲ್ಲಿ ಬಂದಾಗ ಬೇಯ್ಸಿ ಹಾಕೋರು ಯಾರು? ನಿಮ್ಮಮ್ಮನೇ ಅಲ್ವ? ಎಂತ ಉಳಿಸ್ದೆ ನೀನು?"

ಅದನ್ನು ನಾನು ಯೋಚಿಸಿರಲಿಲ್ಲ. ಮುಖ ಬಿಸಿಯಾಯಿತು. ಯಾವಾಗಲೂ ಹಾಗೆ ಆದಾಗ ನಾನು ಒಳಗೆ ಹೋಗಿಬಿಡುತ್ತೇನೆ. ಅವತ್ತು ಹೋಗಲಿಲ್ಲ.

"ಆ ಎರಡು ದಿನ ನಾನು ಮಾಡ್ತೀನಿ. ಕೋಳಿ ನೀವು ಮಾಡಿ. ಪಾರ್ಟಿ ಅಂದ್ರೆ ಐವತ್ತು ಜನಕ್ಕೆ ಮಾಡ್ತೀರಲ್ಲ."

ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕರು. ಅಪ್ಪನ ಕೋಳಿ ಸಾರು ಊರಲ್ಲೇ ಹೆಸರಾದದ್ದು. ಅವರು ಮತ್ತೊಮ್ಮೆ ಮೀಸೆ ಸವರಿಕೊಂಡು, "ಕೋಳಿ ಮಾತ್ರ," ಎಂದರು.

ಹೊರಡುವ ದಿನ ಆರು ಗಂಟೆಗೇ ತೋಟದ ಲೆಕ್ಕ ನೋಡುವ ರೈಟರ್ ಗುರುವಯ್ಯ ಬಂದರು. ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ಅವರಿಗೆ ಒಪ್ಪಿಸಿ ಅಪ್ಪ ಜೀಪಿನ ಹತ್ತಿರ ಬಂದರು. ಚಿಕ್ಕಪ್ಪ ಸ್ಟೇರಿಂಗಿನ ಮುಂದೆ ಕೂತಿದ್ದರು. ಅಜ್ಜಿಯನ್ನು ಹಿಂದೆ ಹತ್ತಿಸಿ ಆಗಿತ್ತು. ನಾನು ಬ್ಯಾಗು ಇಡಲು ಬಗ್ಗಿದೆ. ಸೀಟಿನ ಕೆಳಗೆ ಒಲೆ ಇತ್ತು. ಸಿಲಿಂಡರ್, ಹಂಚು, ಹಿಟ್ಟಿನ ಡಬ್ಬ, ಎಲ್ಲವೂ ಇದ್ದವು.

"ಇದು ಯಾಕೆ ಅಪ್ಪ?"

"ಬೆಳಿಗ್ಗೆ ರೊಟ್ಟಿ ಬೇಡ್ವ? ಅಲ್ಲಿ ಇಡ್ಲಿ ಗಿಡ್ಲಿ ಕೊಡ್ತಾರೆ. ಅದು ನಂಗೆ ತಿಂದಂಗೇ ಆಗಲ್ಲ. ಬೆಳಿಗ್ಗೆ ಒಂದ್ಹೊತ್ತು ಅಷ್ಟೇ."

ನಾನು ಒಲೆಯನ್ನು ಎಳೆದು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಜಗಲಿಯ ಮೇಲಿಟ್ಟೆ. ಮತ್ತೆ ಬಂದು ಸಿಲಿಂಡರ್ ಇಳಿಸಿದೆ. ಅದು ಕಲ್ಲಿಗೆ ತಾಗಿ ಠಣ್ ಎಂದಿತು. ಗುರುವಯ್ಯ ಕಣದಿಂದಲೇ ಕತ್ತು ಎತ್ತಿ ನೋಡಿದರು.

"ಏಯ್, ಎಂತ ಮಾಡ್ತಿದ್ದಿ? ಹಾಕು ಅದನ್ನ ವಾಪಸ್ಸು!"

ನಾನು ಹೋಗಿ ಸಿಲಿಂಡರಿನ ಪಕ್ಕದಲ್ಲಿ ಕೂತೆ. "ಇದು ಬಂದ್ರೆ ನಾನು ಬರಲ್ಲ. ಅಲ್ಲಿ ದೀಪಶ್ರೀ ಅಕ್ಕಂಗೆ ಗೊತ್ತಿರೋದು ನಾನು ಒಬ್ಳೇ. ನೀವೇ ಹೋಗಿ ಹೇಳ್ಕೊಳ್ಳಿ."

ಅಮ್ಮ ಓಡಿ ಬಂದು ನನ್ನ ತೋಳು ಹಿಡಿದಳು. "ಮಾನ ಕಳೀಬೇಡ ಧನ್ಯಾ. ಏಳು. ಹತ್ತು ರೊಟ್ಟಿ ಎಂತ ದೊಡ್ಡ ಕೆಲ್ಸ?"

"ದೊಡ್ಡದಲ್ಲ ಅಂದ್ರೆ ಬೇರೆ ಯಾರಾದ್ರೂ ಮಾಡ್ಲಿ."

ಅಮ್ಮನ ಕೈ ಸಡಿಲವಾಯಿತು.

"ಹಂಗಾದ್ರೆ ಟ್ರಿಪ್ಪೇ ಬೇಡ," ಎಂದು ಅಪ್ಪ ಕೂಗಿದರು. "ಇಳೀರಿ ಎಲ್ರೂ!"

ಯಾರೂ ಇಳಿಯಲಿಲ್ಲ. ಚಿಕ್ಕಪ್ಪ ಕನ್ನಡಿ ಒರೆಸತೊಡಗಿದರು. ಒಳಗಿನಿಂದ ಅಜ್ಜಿ ಹೇಳಿದಳು, "ನಾನಂತೂ ಇಳಿಯಲ್ಲಪ್ಪ. ಹತ್ತಿದ್ದೇ ದೊಡ್ಡ ಸಾಹಸ."

ಅಮ್ಮ ಮೊದಲು ನನ್ನನ್ನು, ಆಮೇಲೆ ಒಲೆಯನ್ನು ನೋಡಿದಳು. ಅವಳು ಒಲೆ ಎತ್ತಿಕೊಂಡು ಹೋಗಿ ಮತ್ತೆ ಜೀಪಿಗೆ ಇಟ್ಟರೆ ನಾನೇನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಅವಳು ಜೀಪಿನ ಹಿಂದಕ್ಕೆ ಹೋಗಿ, ಉಳಿದಿದ್ದ ಹಂಚನ್ನೂ ಹಿಟ್ಟಿನ ಡಬ್ಬವನ್ನೂ ತಾನೇ ಇಳಿಸಿದಳು. ಸೀದಾ ಮುಂದೆ ಹೋಗಿ ಚಿಕ್ಕಪ್ಪನ ಪಕ್ಕದ ಸೀಟಿನಲ್ಲಿ ಕೂತಳು. ಅದು ಅಪ್ಪನ ಜಾಗ.

"ನೀ ಎಲ್ಲಿ ಕೂತಿದ್ದಿ?" ಎಂದರು ಅಪ್ಪ.

"ಚಾರ್ಮಾಡಿ ಘಾಟಿಲಿ ಹಿಂದೆ ಕೂತ್ರೆ ನಂಗೆ ವಾಂತಿ ಬರುತ್ತೆ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ!"

"ನೀವೂ ಕೇಳ್ಲಿಲ್ಲ," ಎಂದು ಅಮ್ಮ ಬಾಗಿಲು ಎಳೆದುಕೊಂಡಳು.

ಅಪ್ಪ ಹಿಂದೆ ಹತ್ತಿದರು. ನಾನು ಎದುರು ಸೀಟಿನಲ್ಲಿ ಕೂತೆ. ನಮ್ಮಿಬ್ಬರ ಮೊಣಕಾಲು ಪ್ರತಿ ತಿರುವಿನಲ್ಲೂ ತಾಗುತ್ತಿದ್ದವು. ಮೂಡಿಗೆರೆ ದಾಟುವವರೆಗೂ ಅವರು ಹೊರಗೇ ನೋಡುತ್ತಿದ್ದರು. ನಾನು ತಪ್ಪಾಯಿತು ಎನ್ನಲಿಲ್ಲ.

ಕೊಟ್ಟಿಗೆಹಾರದಲ್ಲಿ ಅಮ್ಮ, "ನಿಲ್ಸು ಯೋಗಿ, ಹಸಿವಾಗ್ತಿದೆ," ಎಂದಳು. ಹೋಟೆಲಿನ ಬೆಂಚಿನ ತುದಿಯಲ್ಲಿ, ಯಾರಾದರೂ ಕರೆದರೆ ಎದ್ದು ಹೋಗಲು ತಯಾರಾದವಳ ಹಾಗೆ ಕೂತಿದ್ದಳು. ಅಪ್ಪ ಮುಖ ಗಂಟಿಕ್ಕಿಕೊಂಡೇ ಎದುರಿಗೆ ಕೂತರು. ಬಿಸಿ ನೀರುದೋಸೆಯ ಮೊದಲ ತಟ್ಟೆ ಬಂತು. ಅಮ್ಮನ ಕೈ ಅಭ್ಯಾಸದಂತೆ ತಟ್ಟೆಯನ್ನು ಅಪ್ಪನತ್ತ ತಳ್ಳಲು ಹೊರಟಿತು. ಅರ್ಧದಲ್ಲಿ ನಿಂತಿತು. ಅವಳು ತಟ್ಟೆಯನ್ನು ತನ್ನ ಮುಂದಕ್ಕೇ ಎಳೆದುಕೊಂಡು, ಬೆಂಚಿನಲ್ಲಿ ಪೂರ್ತಿ ಹಿಂದಕ್ಕೆ ಸರಿದು ಕೂತಳು.

"ಇವ್ರಿಗೂ ಎರಡು ಕೊಡಪ್ಪ," ಎಂದಳು ಬಾಯಲ್ಲಿ ದೋಸೆ ಇಟ್ಟುಕೊಂಡೇ. "ನಂಗೆ ಇನ್ನೆರಡು."