ಹೊಂಬಾಳಮ್ಮ ಮೇಡಂ ಉಳಿಸಿದ ಏಳನೇ ಕ್ಲಾಸು

ಹೊಂಬಾಳಮ್ಮನವರು ಹಾಜರಿ ಕರೆಯುತ್ತಿದ್ದುದು ತರಗತಿಯಲ್ಲಲ್ಲ, ಬೀದಿಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ತುಮಕೂರಿನ ಶೆಟ್ಟಿಹಳ್ಳಿಯ ಓಣಿಗಳಲ್ಲಿ ಹೊರಟರೆಂದರೆ ಬಾಗಿಲು ಬಾಗಿಲಲ್ಲೂ ಒಂದೊಂದು ಹೆಸರು ಮೊಳಗುತ್ತಿತ್ತು. ಹುತ್ರಿದುರ್ಗದ ತಪ್ಪಲಲ್ಲಿ ಬೆಳೆದ ಕಾಲುಗಳು. ಸಮತಟ್ಟಾದ ರಸ್ತೆಯಲ್ಲೂ ಬೆಟ್ಟವೇರುವವರಂತೆ ಮುಂದಕ್ಕೆ ಬಾಗಿಯೇ ನಡೆಯುತ್ತಿದ್ದರು. ಮಾತಿನಲ್ಲೂ ಅದೇ ಅವಸರ, ಪ್ರಶ್ನೆಯೂ ತಮ್ಮದೇ, ಉತ್ತರವೂ ತಮ್ಮದೇ: "ಬರ್ತೀಯಾ? ಬರ್ತೀಯ! ಸ್ಲೇಟೆಲ್ಲಿ? ಅಲ್ಲೇ ಇದೆ, ತಗೋ!"

ಅವರು ಮುಖ್ಯೋಪಾಧ್ಯಾಯಿನಿಯಾಗಿದ್ದ ಸರ್ಕಾರಿ ಪ್ರಾಥಮಿಕ ಶಾಲೆಗೆ ಅರ್ಧಕ್ಕೂ ಹೆಚ್ಚು ಮಕ್ಕಳು ಪಾತ್ರೆಗೆ ಕಲಾಯಿ ಹಾಕುವವರ, ಹಾಸಿಗೆ ಹೊಲಿಯುವವರ, ಬಳೆ ಅಂಗಡಿಯವರ ಮನೆಗಳಿಂದ ಬರುತ್ತಿದ್ದರು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಮಿಕ್ಕವರು ಕಡಬ, ಕುಣಿಗಲ್ಲಿನ ಕಡೆಯಿಂದ ಸಣ್ಣಪುಟ್ಟ ನೌಕರಿ ಹುಡುಕಿ ಬಂದ ಒಕ್ಕಲು ಮನೆಗಳ ಮಕ್ಕಳು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಕುಳಿತವರು ಹದಿನೆಂಟು, ಪಾಸಾದವರು ಮೂವರು. ತಪಾಸಣೆಗೆ ಬಂದ ಅಧಿಕಾರಿ ವೆಂಕಟರಂಗಯ್ಯನವರು ಕನ್ನಡಕ ಒರೆಸಿಕೊಳ್ಳುತ್ತ, "ಈ ಕಡೆ ಮಕ್ಕಳು ಇಷ್ಟೇ ಕಣಮ್ಮ, ನೀವ್ಯಾಕೆ ಮನಸ್ಸಿಗೆ ಹಚ್ಕೋತೀರ? ಮುಂದಿನ ವರ್ಷಾನೂ ಹಿಂಗೇ ಆದ್ರೆ ಏಳನೇ ಕ್ಲಾಸು ತೆಗೆದು ಪೇಟೆ ಸ್ಕೂಲಿಗೆ ಸೇರಿಸ್ಬಿಡ್ತೀವಿ" ಎಂದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆಂದೇ ಹೇಳಿದ್ದು. ಆ ಸಮಾಧಾನವೇ ಹೊಂಬಾಳಮ್ಮನವರನ್ನು ಕೆರಳಿಸಿತು. ಅಷ್ಟು ದೂರದ ಪೇಟೆ ಶಾಲೆಗೆ ಹೆಣ್ಣುಮಕ್ಕಳನ್ನು ಯಾರೂ ಕಳಿಸರೆಂಬುದು ಅವರಿಗೆ ಗೊತ್ತಿತ್ತು.

ಬಾಯಲ್ಲಿ ಕೇಳಿದರೆ ಪಟಪಟನೆ ಉತ್ತರಿಸುವ ಮಕ್ಕಳು ಅದೇ ಲೆಕ್ಕ ಅಚ್ಚಿನಲ್ಲಿ ಬಂದರೆ ಕಕ್ಕಾಬಿಕ್ಕಿಯಾಗುವುದನ್ನು ಅವರು ಒಂದು ಮಧ್ಯಾಹ್ನ ಕಂಡುಹಿಡಿದರು. "ಲೆಕ್ಕ ಬರ್ತದೆ, ಪ್ರಶ್ನೆ ಓದಕ್ಕೆ ಬರಲ್ಲ!" ಎಂದು ನಿಧಿ ಸಿಕ್ಕವರಂತೆ ಕೂಗಿದರಂತೆ. ಮರುದಿನದಿಂದ ಮೊದಲ ಗಂಟೆಯೆಲ್ಲ ಗಟ್ಟಿ ಓದು: ಹಳೆಯ ಪ್ರಶ್ನೆಪತ್ರಿಕೆ, ಸಿನಿಮಾ ಪೋಸ್ಟರು, ಗೊಬ್ಬರದ ಚೀಲದ ಮೇಲಿನ ಬರಹ, ಯಾವುದಾದರೂ ಸರಿ.

ಇಷ್ಟರಲ್ಲಿ ತರಗತಿಗೇ ಮೊದಲಿಗಳಾದ, ಕಲಾಯಿ ಕರೀಂ ಸಾಬರ ಮಗಳು ಮೆಹತಾಬ್ ಬರುವುದನ್ನು ನಿಲ್ಲಿಸಿದಳು. ಮೇಡಂ ಮನೆಗೇ ನುಗ್ಗಿದರು. ಮೂರು ತಿಂಗಳ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

"ಸೊಸೆಗೆ ಹುಷಾರಿಲ್ಲ. ಮಗು ಎತ್ಕೊಳ್ಳೋರು ಯಾರು ಮೇಡಂ, ನೀವಾ?" ಎಂದರು ಅಜ್ಜಿ ಕುಲ್ಸುಂ ಬೀ.

"ನಾನೇ! ಕೊಡಿ ಇಲ್ಲಿ!"

ಮಗುವನ್ನು ಹೆಗಲಿಗೇರಿಸಿಕೊಂಡು ಮೇಡಂ ಹೊರಟೇಬಿಟ್ಟರು. "ಯಾ ಅಲ್ಲಾ, ನಿಲ್ಲೀಮ್ಮಾ!" ಎನ್ನುತ್ತ ಅಜ್ಜಿ ಹಿಂದೆ, ಪುಸ್ತಕದ ಚೀಲ ಸಿಕ್ಕಿಸಿಕೊಂಡು ಅಜ್ಜಿಯ ಹಿಂದೆ ಮೆಹತಾಬ್. ಶಾಲೆಯ ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಲಾಯಿತು. ಸುದ್ದಿ ಹಬ್ಬಿ, ವಾರ ಕಳೆಯುವಷ್ಟರಲ್ಲಿ ಐದು ಜೋಲಿಗಳು, ಅವುಗಳೊಡನೆ ಶಾಲೆ ಬಿಟ್ಟಿದ್ದ ಐವರು ಅಕ್ಕಂದಿರು. ತೂಗುವುದಕ್ಕೆ ಕುಲ್ಸುಂ ಬೀ ಖಾಯಂ.

ವೆಂಕಟರಂಗಯ್ಯನವರು ಮತ್ತೆ ಬಂದವರು ಬಾಗಿಲಲ್ಲೇ ಬೆರಗಾದರು. "ಇದೇನಮ್ಮಾ, ಸ್ಕೂಲೋ ಬಾಲವಾಡಿಯೋ?"

"ಎರಡೂ ಸಾರ್. ಇವು ಇಲ್ಲಿ ಮಲಗಿದ್ರೇನೇ ಅವ್ರು ಅಲ್ಲಿ ಓದೋದು."

ಅಧಿಕಾರಿಗಳು ಒಂದು ಜೋಲಿಯನ್ನು ಮೆಲ್ಲನೆ ತೂಗಿ, ಈ ವಿಷಯವನ್ನು ವರದಿಯಲ್ಲಿ ಬರೆಯದೆ ಹೋದರು.

ಮರುವರ್ಷದ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಶಿಕ್ಷಣ ಇಲಾಖೆಯ ಕಚೇರಿ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಮೂರು ಸಲ ಓದಿ ಹೊಂಬಾಳಮ್ಮನವರು ಓಡೋಡಿ ಓಣಿಗೆ ಹಿಂದಿರುಗಿದರು. ದಾರಿಯಲ್ಲಿ ಚಪ್ಪಲಿ ಕಿತ್ತುಹೋದರೆ ಅದನ್ನು ಕೈಗೆತ್ತಿಕೊಂಡು ಓಡಿದರು. ಕುಳಿತವರು ಇಪ್ಪತ್ತೆರಡು, ಪಾಸು ಹತ್ತೊಂಬತ್ತು! ಕಲಾಯಿ ಒಲೆಗೆ ಗಾಳಿಯೂದುತ್ತಿದ್ದ ಕರೀಂ ಸಾಬರ ತಿದಿ ನಿಂತಿತು. "ನಮ್ ಮೆಹತಾಬ್?"

"ಫಸ್ಟ್ ಕ್ಲಾಸ್! ಫಸ್ಟ್ ಕ್ಲಾಸ್ ಕಣ್ರೀ ಸಾಬ್ರೇ!"

ಕರೀಂ ಸಾಬರು ಮಸಿ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡರು, ಮುಖವೆಲ್ಲ ಕಪ್ಪಾಯಿತು. ಕುಲ್ಸುಂ ಬೀ ಮೇಡಂ ಬಾಯಿಗೆ ಹಿಡಿ ಸಕ್ಕರೆ ತುರುಕಿದರು. ಓಣಿಯೆಲ್ಲ ಗದ್ದಲ. ಆ ಗದ್ದಲದ ನಡುವೆ ಮೇಡಂ ಕಣ್ಣು ಹುಡುಕುತ್ತಿದ್ದುದು ಫೇಲಾದ ಮೂವರನ್ನು. ನಾಲ್ಕೇ ಅಂಕಗಳಿಂದ ಇಂಗ್ಲಿಷಿನಲ್ಲಿ ಜಾರಿದ್ದ ದ್ಯಾವಪ್ಪನ ಮಗ ಬೀರಯ್ಯ ಗೋಡೆಗೆ ಮುಖ ಮಾಡಿ ನಿಂತಿದ್ದ. ಬಾಯಲ್ಲಿ ಸಕ್ಕರೆ ಇರುವಂತೆಯೇ ಅವನ ಕಿವಿ ಹಿಡಿದು ತಿರುಗಿಸಿದರು: "ಏನ್ಲಾ, ಅಳ್ತೀಯಾ? ಅಳಲ್ಲ! ನಾಳೆ ಬೆಳಿಗ್ಗೆ ಬತ್ತೀಯ!"

ಏಳನೇ ಕ್ಲಾಸು ಉಳಿಯಿತು. ಅವರು ನಿವೃತ್ತರಾಗುವವರೆಗೂ ಉಳಿಯಿತು, ಆಮೇಲೂ.

ಬಡವರ ಮಕ್ಕಳ ಬಗ್ಗೆ ಕರುಣೆಯುಳ್ಳವರು ಲೋಕದಲ್ಲಿ ಬೇಕಾದಷ್ಟು ಮಂದಿ. ಆ ಮಕ್ಕಳಿಂದ ಏನನ್ನಾದರೂ ನಿರೀಕ್ಷಿಸುವವರು ವಿರಳ. ಕರುಣೆ ಮಗುವನ್ನು ಕೂತಲ್ಲೇ ಕೂರಿಸಿ ತಲೆ ಸವರುತ್ತದೆ. ನಿರೀಕ್ಷೆ ಕಿವಿ ಹಿಡಿದು ಎಬ್ಬಿಸಿ ನಿಲ್ಲಿಸುತ್ತದೆ. ಹೊಂಬಾಳಮ್ಮನಂಥವರ ಗಡಿಬಿಡಿಯನ್ನು ಜನ ಸಿಡುಕೆಂದು ತಿಳಿಯುವುದುಂಟು. ಅದು ಗೌರವದ ಅತ್ಯಂತ ಅವಸರದ ರೂಪ.