ಹರ್ಜೊನೊ ಅವರ ಮೂವರು ಮಕ್ಕಳು

ಆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಕಂತಿಲ್ ಓಣಿಯ ಚರಿತ್ರೆಯಲ್ಲಿ ಬರೆದಿಡಬೇಕಾದಂಥ ಒಂದು ಘಟನೆ ನಡೆಯಿತು: ಓಣಿಯ ಯಜಮಾನ ಪೊನಿಜನ್ ಹೊರಡಿಸಿದ ಸಾವಿನ ಕಾಗದದಲ್ಲಿ ಒಂದೇ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಹದಿನಾಲ್ಕು ವರ್ಷಗಳ ಯಜಮಾನಿಕೆಯಲ್ಲಿ ಅವರು ಸತ್ತವರ ವಯಸ್ಸನ್ನು ತಿರುವುಮುರುವು ಮಾಡಿದ್ದುಂಟು. ಒಮ್ಮೆ ಬದುಕಿದ್ದ ಗಂಡನನ್ನು ಮಣ್ಣಿಗೆ ಕಳಿಸಿ ಸತ್ತ ಹೆಂಡತಿಯನ್ನು ದುಃಖತಪ್ತರ ಪಟ್ಟಿಗೆ ಸೇರಿಸಿದ್ದೂ ಉಂಟು. ಈ ಸಲ ತಮ್ಮದೇ ಜೆರಾಕ್ಸ್ ಅಂಗಡಿಯಲ್ಲಿ ಕೂತು ಮೂರು ಸಲ ಓದಿ, ನೂರೈವತ್ತು ಪ್ರತಿ ತೆಗೆದು, ಒಂದನ್ನು ವಿದ್ಯುತ್ ಕಂಬಕ್ಕೆ ಅಂಟಿಸಿ ಅಂಗೈಯಿಂದ ಸುಕ್ಕು ತೀಡುತ್ತಿದ್ದರು. ಪಾಲುಪಿ ಸ್ಕೂಟರ್ ನಿಲ್ಲಿಸಿದ್ದು ಆಗ.

“ಆಫೀಸಿನವರಾ, ಎಂಬಾಕ್?” ಅಕ್ಕಾ ಎನ್ನುವ ಹಾಗೆ ಕೇಳಿದರು ಪೊನಿಜನ್.

“ಹೂಂ, ಪಾಕ್,” ಎಂದಳು ಅವಳು, ಹಿರಿಯರನ್ನು ಕರೆಯುವ ಹಾಗೆ. “ಅವರ ಜೊತೆ ಕೆಲಸ ಮಾಡ್ತಿದ್ದೆ.”

“ಓದಿ ನೋಡಿ. ಒಂದು ತಪ್ಪು ಹುಡುಕಿಕೊಡಿ.”

ಪಾಲುಪಿ ಓದಿದಳು. ಹರ್ಜೊನೊ, ಐವತ್ತೈದು ವರ್ಷ, ನೀರು ಸರಬರಾಜು ಕಚೇರಿಯ ನೌಕರರು, ಇಂದು ಬೆಳಗಿನ ಜಾವ ಸ್ವಗೃಹದಲ್ಲಿ ತೀರಿಕೊಂಡರು. ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ದುಃಖತಪ್ತರು: ಲಾಸ್ಮಿ, ಮಗಳು. ಸೆಕಾರ್, ಮಗಳು. ವಾಹ್ಯು, ಮಗ.

ಅವಳು ಇನ್ನೊಮ್ಮೆ ಓದಿದಳು. ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಲಾಸ್ಮಿ ಎಂದರೆ ಕಚೇರಿಯ ಹಿಂದಿನ ಕೋಣೆಯಲ್ಲಿ, ಎಡಗಡೆ ಕಬ್ಬಿಣದ ಚೌಕಟ್ಟಿನ ಮೇಲಿನ ತಟ್ಟೆಯಲ್ಲಿ ಕೂತಿರುವ ಕಂಪ್ಯೂಟರು. ಊರಿನ ನೀರಿನ ಮೀಟರುಗಳೆಲ್ಲ ಅದರ ವಶ. ಅದರ ಕೆಳಗಿನದು ಸೆಕಾರ್, ದೂರುಗಳು, ಪತ್ರಗಳೆಲ್ಲ ಅದರ ಪಾಲು. ಎಲ್ಲಕ್ಕಿಂತ ಕೆಳಗೆ, ಹಗಲೂ ರಾತ್ರಿ ಗೊರಗೊರ ಅನ್ನುತ್ತ ಊರಿನ ಹನ್ನೆರಡು ಪಂಪುಗಳನ್ನು ಕಾಯುವುದು ವಾಹ್ಯು.

“ಈ ಹೆಸರು ನಿಮಗೆ ಯಾರು ಕೊಟ್ರು, ಪಾಕ್?”

“ಯಾರು ಕೊಡ್ತಾರೆ? ಅವರ ಮೇಜಿನ ಮೇಲೇ ಇತ್ತು.” ಪೊನಿಜನ್ ಕಂಕುಳಿನಿಂದ ನೀಲಿ ರಟ್ಟಿನ ನೋಟುಬುಕ್ಕು ತೆಗೆದರು. “ಕೇಳಿ. ‘ಲಾಸ್ಮಿ ಹೊಸ ಕಡೆಗೆ ಹೋದಳು. ತೊಂದರೆಯಿಲ್ಲ. ಸೆಕಾರ್ ಕೂಡ ಹೋದಳು. ಮೊದಲ ವಾರ ಹಠ ಮಾಡಿದಳು, ಈಗ ಹೊಂದಿಕೊಂಡಿದ್ದಾಳೆ. ವಾಹ್ಯು ಇನ್ನೂ ಹಳೆಯ ಕಡೆಯೇ ಇದ್ದಾನೆ. ಜೂನ್ ಮೂವತ್ತರ ನಂತರ ಅವನನ್ನು ಕೇಳುವವರು ಯಾರೂ ಇರುವುದಿಲ್ಲ.’ ಓದಿ ನನ್ನ ಕಣ್ಣಲ್ಲಿ ನೀರು ಬಂತು. ಹೆಣ್ಣುಮಕ್ಕಳು ಸಮುದ್ರದಾಚೆ ಕಾಲಿಮಂತಾನ್‌ಗೋ ಲಾಂಪುಂಗ್‌ಗೋ ಹೋಗಿರಬೇಕು. ಹುಡುಗನದು ಏನೋ ತೊಂದರೆ. ಜೂನ್ ಮೂವತ್ತು ಅಂದ್ರೆ ಇವತ್ತೇ, ನೋಡಿ.”

“ಪಾಕ್, ಅದು ಹಾಗಲ್ಲ—”

ಮಸೀದಿಯ ಧ್ವನಿವರ್ಧಕ ಕೆಮ್ಮಿತು. ಹರ್ಜೊನೊ ಅವರ ಮಕ್ಕಳಾದ ಲಾಸ್ಮಿ, ಸೆಕಾರ್, ವಾಹ್ಯು ಇವರ ಫೋನ್ ನಂಬರು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಯಜಮಾನರಿಗೆ ತಿಳಿಸಬೇಕು ಎಂದು ಅದು ಎರಡು ಸಲ ಹೇಳಿತು.

*

ನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಪಾಲುಪಿ ಹರ್ಜೊನೊ ಅವರನ್ನು ಕೇಳಿದ್ದಳು: “ಯಾಕೆ ಪಾಕ್, ಮನುಷ್ಯರ ಹೆಸರು?”

“ಒಂದನೇದು, ಎರಡನೇದು ಅಂತ ಇಟ್ರೆ ಬೈಯೋಕೆ ಬಾಯಿ ಬರಲ್ಲ.”

ಅವರು ನಕ್ಕಿರಲಿಲ್ಲವಾದ್ದರಿಂದ ಅವಳೂ ನಗಲಿಲ್ಲ.

ಆ ಕಂಪ್ಯೂಟರುಗಳ ಒಳಗೆ ಓಡುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಅದರಲ್ಲಿ ಹಲವು ಮನೆತನಗಳು, ಒಂದೊಂದು ಮನೆತನದಲ್ಲಿ ಹಲವು ಪೀಳಿಗೆಗಳು. ಪ್ರತಿ ಪೀಳಿಗೆಗೂ ಅದು ಹುಟ್ಟುವಾಗಲೇ ಅದನ್ನು ಕಟ್ಟಿದವರು ಕೊನೆಯ ದಿನ ಗೊತ್ತುಮಾಡಿರುತ್ತಾರೆ. ಹಣೆಬರಹದ ಹಾಗೆ ಗುಟ್ಟಾಗಿ ಅಲ್ಲ, ಎಲ್ಲರೂ ಓದುವ ಹಾಗೆ. ಹರ್ಜೊನೊ ಆ ದಿನಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿದ್ದರು. ಬೇರೆಯವರ ಕ್ಯಾಲೆಂಡರಿನಲ್ಲಿ ಮದುವೆ, ಮುಂಜಿಗಳಿಗೆ ಹಾಕುವ ಸುತ್ತು.

“ಆ ದಿನ ಕಳೆದ್ರೆ ಸತ್ತುಹೋಗ್ತಾವಾ?”

“ಇಲ್ಲಪ್ಪ. ಓಡ್ತಾನೇ ಇರ್ತಾವೆ. ಏನಾದ್ರೂ ಆದ್ರೆ ಬಂದು ನೋಡೋರು ಇರಲ್ಲ, ಅಷ್ಟೇ,” ಎಂದು ಅವರು ಬಾಳೆಎಲೆಯ ಪೊಟ್ಟಣ ಬಿಚ್ಚಿ ಅನ್ನ ತಿನ್ನತೊಡಗಿದ್ದರು.

ಅವರು ನಂಬಿಕೊಂಡಿದ್ದ ಮನೆತನವೇ ಬಾಗಿಲು ಹಾಕುತ್ತದೆಂದು ತಿಳಿದ ಮೇಲೆ ಬೇರೆ ಮನೆತನ ಹುಡುಕಿದರು. ಸೆಕಾರ್ ಹೊಸ ಕಡೆಗೆ ಹೋದ ವಾರ ಪಾಲುಪಿ ಅಳುವುದೊಂದು ಬಾಕಿ. ಹಳೆಯ ಕಡೆ ಒಂದು ಹೆಸರಿನಲ್ಲಿದ್ದದ್ದಕ್ಕೆ ಇಲ್ಲಿ ಇನ್ನೊಂದು ಹೆಸರು, ಅಲ್ಲಿದ್ದ ಕಡತ ಇಲ್ಲಿಲ್ಲ, ಇದ್ದರೂ ಅದರೊಳಗಿನ ಸಾಲುಗಳು ಬೇರೆ.

“ಹೊಸ ಮನೆ ಅಡುಗೆಕೋಣೆ,” ಎಂದರು ಹರ್ಜೊನೊ. “ಉಪ್ಪು ಇದ್ದೇ ಇರುತ್ತೆ, ಡಬ್ಬಿ ಬೇರೆ ಕಡೆ ಇರುತ್ತೆ. ಹುಡುಕು. ಹಳೇ ಮನೆಗೆ ಬೀಗ ಹಾಕೋ ಮುಂಚೆ ಒಂದು ವಾರ ಎರಡೂ ಕಡೆ ದೀಪ ಹಚ್ಚಿಡು.”

ವಾಹ್ಯು ಮಾತ್ರ ಉಳಿದ. ಅವನನ್ನು ಸಾಗಿಸಬೇಕೆಂದರೆ ಪಂಪುಗಳು ಹತ್ತು ಹದಿನೈದು ನಿಮಿಷ ನಿಲ್ಲಬೇಕು. ಕಚೇರಿಯ ಮುಖ್ಯಸ್ಥ ಇರಾವಾನ್ ಮೂರು ಸಲ ದಿನ ಮುಂದಕ್ಕೆ ಹಾಕಿದರು. ಒಮ್ಮೆ ರಮದಾನ್ ಉಪವಾಸ, ಒಮ್ಮೆ ಮೇಯರ್ ಭೇಟಿ, ಇನ್ನೊಮ್ಮೆ ಕಾರಣವಿಲ್ಲ. “ಓಡ್ತಿದೆಯಲ್ಲ, ಪಾಕ್ ಹರ್ಜೊ. ಓಡೋದನ್ನ ಯಾಕೆ ಕೆಣಕ್ತೀರಿ?”

“ಕೊನೇ ದಿನ ಭಾನುವಾರ ಬಂದಿದೆ,” ಎಂದಿದ್ದರು ಹರ್ಜೊನೊ ಮೊನ್ನೆ ಶುಕ್ರವಾರ, ಪಾಲುಪಿಗೆ. “ಅವತ್ತು ಯಾರನ್ನೂ ಕೇಳದೆ ಮಾಡಿಬಿಡೋಣ. ನೀನು ಎಂಟು ಗಂಟೆಗೆ ಬಾ.”

ಅವಳು ಹೇಳಿದ ಹೊತ್ತಿಗೇ ಬಂದಿದ್ದಳು. ಕಚೇರಿಯ ಬಾಗಿಲಲ್ಲಿ ಕಾವಲುಗಾರ ಸುದ್ದಿ ಹೇಳಿದ.

*

ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಗ್ಲಾಸುಗಳಲ್ಲಿ ಸಿಹಿ ಚಹಾ. ಒಳಗಿನ ಬಚ್ಚಲಿನಲ್ಲಿ ಗಂಡಸರು ಹೆಣ ತೊಳೆಯುತ್ತಿದ್ದರು. ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಸದ್ದು ಗೋಡೆಯಾಚೆಯಿಂದ ಒಂದೇ ಸಮನೆ ಬರುತ್ತಿತ್ತು. ವಾಹ್ಯು ಕೆಲಸದ ಮೇಲಿದ್ದಾನೆ ಎಂದುಕೊಂಡಳು ಪಾಲುಪಿ.

ತೊಳೆದು, ಹೊದಿಸಿ, ಚಟ್ಟದ ಮೇಲೆ ಹಸಿರು ಬಟ್ಟೆ ಹಾಸಿ ಮಲ್ಲಿಗೆ ಸರ ಇಳಿಬಿಟ್ಟದ್ದಾಯಿತು. ಹನ್ನೊಂದಾಯಿತು. ಯಾರೂ ಎತ್ತಲಿಲ್ಲ.

“ಮಕ್ಕಳು ಬರದೆ ಹೇಗೆ ಎತ್ತೋದು?” ಎಂದರು ಪೊನಿಜನ್. “ಮೂರು ಜನ ಇದ್ದೂ ಮುಖ ತೋರಿಸದೆ ಮಣ್ಣು ಮಾಡಿದ್ರು ಅಂತ ನಾಳೆ ನಮ್ಮನ್ನೇ ಅಂತಾರೆ. ಸಂಜೆ ನಮಾಜಿನವರೆಗೂ ಕಾಯೋಣ. ಬೇಕಾದ್ರೆ ನಾಳೆವರೆಗೂ.”

“ಹೆಣ ಕಾಯಿಸಬಾರದು ಅಂತ ನೂರು ಸಲ ಹೇಳಿದೀನಿ,” ಎಂದರು ಮೊದಿನರು. ಓಣಿಯ ಸಾವುಗಳನ್ನೆಲ್ಲ ಮುಂದೆ ನಿಂತು ನಡೆಸಿಕೊಡುವ ಮುದುಕರು ಅವರು. “ಅವರು ಬದುಕಿದ್ದಾಗ ಬರದ ಮಕ್ಕಳು ಈಗ ಯಾಕೆ ಬರ್ತಾರೆ?”

“ಹನ್ನೊಂದು ವರ್ಷದಲ್ಲಿ ಒಂದು ಹಬ್ಬಕ್ಕೂ ಬರಲಿಲ್ಲ,” ಎಂದಳು ಕುರ್ಚಿಯಲ್ಲಿದ್ದ ಒಬ್ಬಾಕೆ. “ಇಂಥ ಮಕ್ಕಳಿಗಿಂತ ಬಂಜೆತನ ವಾಸಿ.”

ಆಗಲೇ ಬಂದ ಇರಾವಾನ್ ಪಾಲುಪಿಯ ಪಕ್ಕ ಕೂತು, ಕಾಗದ ಓದಿ, ದನಿ ತಗ್ಗಿಸಿದರು: “ಅವರಿಗೆ ಮಕ್ಕಳಿದ್ರು ಅಂತ ನಂಗೆ ಗೊತ್ತೇ ಇರಲಿಲ್ಲ. ನಿಂಗೆ ಗೊತ್ತಿತ್ತಾ?”

ಪಾಲುಪಿ ಅವರ ಮುಖ ನೋಡಿದಳು. ಹತ್ತು ವರ್ಷ ಆ ಮೂವರ ದುಡಿಮೆಯ ಮೇಲೆ ಕಚೇರಿ ನಡೆಸಿದ ಮನುಷ್ಯ. “ಪರಿಚಯ ಇತ್ತು,” ಎಂದಳು.

“ಅಂದಹಾಗೆ, ಅವರ ಪಾಸ್‌ವರ್ಡು?”

“ನನ್ನ ಹತ್ರ ಇದೆ. ಮೂರು ವರ್ಷದಿಂದ.”

ಇರಾವಾನ್ ಸಮಾಧಾನದಿಂದ ಚಹಾ ಕುಡಿದರು.

ಹೇಳಿಬಿಡಬೇಕು ಎಂದು ಪಾಲುಪಿ ಎದ್ದಳು. ಒಂದು ಮಾತು ಸಾಕಿತ್ತು. ಮೊದಿನರು ನಿಟ್ಟುಸಿರು ಬಿಡುತ್ತಾರೆ, ಚಟ್ಟ ಏಳುತ್ತದೆ. ಆಮೇಲೆ ಓಣಿ ಇನ್ನೊಂದು ಇಪ್ಪತ್ತು ವರ್ಷ, ಕಂಪ್ಯೂಟರು ಡಬ್ಬಿಗಳ ಅಪ್ಪ ಹರ್ಜೊನೊ ಎಂದು ನಗುತ್ತದೆ. ಹೇಳದಿದ್ದರೆ ಅವರು ಹೀಗೇ ಮಲಗಿರುತ್ತಾರೆ, ಯಾರೂ ಬರದ ಬಾಗಿಲಿನ ಕಡೆ ಕಾಲು ಮಾಡಿಕೊಂಡು.

ಮೊದಲು ಹಿತ್ತಲಿಗೆ ಹೋದಳು. ಪಕ್ಕದ ಮನೆಯ ತುಮಿನಾ ಅಲ್ಲಿ ದೊಡ್ಡ ಪಾತ್ರೆಯಲ್ಲಿ ಅನ್ನ ಇಳಿಸುತ್ತಿದ್ದರು. ಹರ್ಜೊನೊಗೆ ದಿನಾ ಪೊಟ್ಟಣ ಕಟ್ಟಿಕೊಡುತ್ತಿದ್ದವರು. ಬೆಳಿಗ್ಗೆ ಆತ ಪೊಟ್ಟಣಕ್ಕೆ ಬರದಿದ್ದಾಗ ಬಾಗಿಲು ತಟ್ಟಿದವರೂ ಅವರೇ.

“ಬೂ,” ಎಂದಳು ಪಾಲುಪಿ, ಅಮ್ಮಾ ಎನ್ನುವ ಹಾಗೆ. “ಒಂದು ಮಾತು. ಪಾಕ್ ಹರ್ಜೊಗೆ ಮಕ್ಕಳು...”

“ಮೂರು.” ತುಮಿನಾ ತಲೆ ಎತ್ತಲಿಲ್ಲ. “ನೋಟುಬುಕ್ಕು ನೋಡಿ ಪೊನಿಜನ್‌ಗೆ ಇವತ್ತು ಗೊತ್ತಾಯ್ತು. ನಂಗೆ ಹತ್ತು ವರ್ಷದಿಂದ ಗೊತ್ತು. ಅವರೇ ಹೇಳಿದ್ದು.”

“ಅವರೇ ಹೇಳಿದ್ರಾ?”

“ಹೊಸದಾಗಿ ಬಂದಾಗ ಎಲ್ಲರೂ ಕೇಳೋರು, ಮಕ್ಕಳೆಷ್ಟು ಅಂತ. ‘ಇನ್ನೂ ಇಲ್ಲ’ ಅನ್ನೋರು. ನಲವತ್ತು ದಾಟಿದ ಒಂಟಿ ಗಂಡಸು, ಇನ್ನೂ ಇಲ್ಲ ಅಂದ್ರೆ ನಗು ಬರಲ್ವಾ? ನಕ್ಕಿದ್ವಿ ಕಣಮ್ಮ. ನಾನೂ ನಕ್ಕಿದ್ದೆ. ಮಾರನೇ ವರ್ಷ ಯಾಕೋ ಮತ್ತೆ ಕೇಳಿದೆ. ‘ಮೂರು’ ಅಂದ್ರು.” ತುಮಿನಾ ಸೌಟಿನಿಂದ ಅನ್ನ ಕೆದಕಿದರು. “ಆಮೇಲೆ ಆಗಾಗ ಹೇಳೋರು. ಲಾಸ್ಮಿ ಜಾಣೆ. ಸೆಕಾರ್‌ದು ಹಠ. ಒಂದ್ಸಲ, ನಿನ್ನೆ ರಾತ್ರಿಯೆಲ್ಲ ವಾಹ್ಯುಗೆ ಮೈ ಸುಡ್ತಿತ್ತು, ನಿದ್ದೆ ಇಲ್ಲ, ಅಂತ.”

ವಾಹ್ಯುವಿನ ಫ್ಯಾನು ಕೆಟ್ಟ ರಾತ್ರಿ ಅದು. ಪಾಲುಪಿಯೂ ಅಲ್ಲಿದ್ದಳು.

“ನೀವು ನಂಬಿದ್ರಾ, ಬೂ?”

“ಹತ್ತು ವರ್ಷ ದಿನಾ ಪೊಟ್ಟಣ ಕಟ್ಟಿದೀನಿ,” ಎಂದರು ತುಮಿನಾ. “ಒಂದೇ ಒಂದು. ಹಬ್ಬಕ್ಕೂ ಒಂದೇ.” ಪಾತ್ರೆಯ ಮುಚ್ಚಳ ಮುಚ್ಚಿದರು. “ಮೂರು ಅಂದ್ರೆ ಮೂರು. ನೀನು ಆಫೀಸಿನವಳು, ಏನಾದ್ರೂ ಹೇಳಿ ಅವರನ್ನ ಎತ್ತಿಸು ತಾಯಿ. ಬಿಸಿಲೇರ್ತಿದೆ.”

*

ಪಾಲುಪಿ ಅಂಗಳಕ್ಕೆ ಬಂದು ಪೊನಿಜನ್ ಮುಂದೆ ನಿಂತಳು.

“ಕಾಯಬೇಡಿ, ಪಾಕ್. ಮಕ್ಕಳು ಬರಲ್ಲ. ನಂಗೆ ಮೂವರೂ ಗೊತ್ತು.”

ಕುರ್ಚಿಗಳು ಅವಳ ಕಡೆ ತಿರುಗಿದವು.

“ಬರಲ್ಲ ಅಂದ್ರೆ? ಅಪ್ಪ ಸತ್ರೂ?”

“ಬಿಟ್ಟು ಬರೋ ಹಾಗಿಲ್ಲ. ಮೂವರೂ ನೀರಿನ ಕೆಲಸದಲ್ಲೇ ಇರೋದು, ಅಪ್ಪನ ಹಾಗೆ. ವಾಹ್ಯು ಪಂಪು ನೋಡಿಕೊಳ್ಳೋನು. ಅವನು ಒಂದು ಗಳಿಗೆ ಜಾಗ ಬಿಟ್ರೆ ಊರಿಗೆ ನೀರಿಲ್ಲ. ಬೆಳಿಗ್ಗೆ ಅಪ್ಪನ ಮೈ ತೊಳೆದಿರಲ್ಲ, ಆ ನೀರು ಬಿಟ್ಟೋನು ಅವನೇ.”

ಇದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂಬುದು ಹೇಳಿ ಮುಗಿಸಿದ ಮೇಲೆ ಅವಳಿಗೇ ಹೊಳೆಯಿತು.

“ಅಷ್ಟು ದೊಡ್ಡ ಹುದ್ದೆಯಾ?” ಎಂದರು ಪೊನಿಜನ್.

“ರಜಾನೇ ಇಲ್ಲದ ಹುದ್ದೆ. ಹತ್ತು ವರ್ಷದಲ್ಲಿ ಒಂದು ದಿನ ತಗೊಂಡಿಲ್ಲ.”

ಬಂಜೆತನವನ್ನು ಹೊಗಳಿದ್ದಾಕೆ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. ಇರಾವಾನ್ ಹುಬ್ಬು ಗಂಟಿಕ್ಕಿ ತಮ್ಮ ಕಚೇರಿಯ ನೌಕರರ ಪಟ್ಟಿಯನ್ನು ಮನಸ್ಸಿನಲ್ಲೇ ತಡಕುತ್ತಿದ್ದರು. ಸಿಕ್ಕಂತೆ ಕಾಣಲಿಲ್ಲ.

“ಸರಿ, ಎತ್ತೋಣ,” ಎಂದರು ಪೊನಿಜನ್. “ಆದರೆ ಚಟ್ಟದ ಕೆಳಗೆ ದಾಟೋರು ಯಾರು?”

ಮೊದಿನರು ಆಕಾಶ ನೋಡಿದರು. ಎತ್ತಿದ ಚಟ್ಟದ ಕೆಳಗೆ ಮಕ್ಕಳು ಮೂರು ಸಲ ತಲೆ ಬಗ್ಗಿಸಿ ದಾಟುವುದು ಶಾಸ್ತ್ರದಲ್ಲಿಲ್ಲ ಎಂದು ಅವರು ಮೂವತ್ತು ವರ್ಷದಿಂದ ಹೇಳುತ್ತಿದ್ದರು. ಮೂವತ್ತು ವರ್ಷದಿಂದ ಓಣಿ ದಾಟುತ್ತಲೇ ಇತ್ತು.

“ಮೂವರ ಪರವಾಗಿ ನಾನು ದಾಟ್ತೀನಿ,” ಎಂದಳು ಪಾಲುಪಿ.

ನಾಲ್ವರು ಚಟ್ಟವನ್ನು ಹೆಗಲಿಗೇರಿಸಿದರು. ಲ್ಯಾಪ್‌ಟಾಪಿನ ಚೀಲ ಪಾಲುಪಿಯ ಬೆನ್ನ ಮೇಲೇ ಇತ್ತು. ಬೆಳಿಗ್ಗೆಯಿಂದ ಇಳಿಸುವುದು ಮರೆತಿತ್ತು. ಅವಳು ಬಗ್ಗಿ ಎಡದಿಂದ ಬಲಕ್ಕೆ ದಾಟಿ ಸುತ್ತಿ ಬಂದಳು. ಲಾಸ್ಮಿ. ಇನ್ನೊಮ್ಮೆ ಸೆಕಾರ್. ಮೂರನೆಯ ಸಲ ಚೀಲ ಮಲ್ಲಿಗೆ ಸರಕ್ಕೆ ಸಿಕ್ಕಿಕೊಂಡಿತು. ಅವಳು ಕೆಳಗೇ ನಿಂತಳು, ತಲೆಯ ಮೇಲೆ ಅವರ ಭಾರ. ಹೊತ್ತವರು ಅಲುಗಾಡಲಿಲ್ಲ. ತುಮಿನಾ ಬಂದು ಸರ ಬಿಡಿಸಿದರು, ಅವಳು ಈಚೆ ಬಂದಳು.

ಪೊನಿಜನ್ ಮನೆಯವರ ಪರವಾಗಿ ಮಾತಾಡಿದರು. ಸತ್ತವರು ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಬೇಕು. ಯಾರಿಗಾದರೂ ಏನಾದರೂ ಕೊಡುವುದು, ಮಾಡಿಕೊಡುವುದು ಬಾಕಿ ಉಳಿಸಿದ್ದರೆ ಮಕ್ಕಳಿಗೆ ತಿಳಿಸಬೇಕು, ಅವರು ತೀರಿಸುತ್ತಾರೆ. ಈ ಮಾತು ಎಲ್ಲ ಸಾವಿನಲ್ಲೂ ಹೇಳುವಂಥದ್ದು. ಯಾರೂ ಉತ್ತರ ಕೊಡುವುದಿಲ್ಲ.

ಇರಾವಾನ್ ಪಾಲುಪಿಯ ಕಡೆ ವಾಲಿದರು. “ಆ ಪಂಪಿನ ಯಂತ್ರದ ಕೆಲಸ ಬಾಕಿ ಇತ್ತಲ್ಲ. ಇವತ್ತೇ ಕೊನೆ ಅಂತಿದ್ರು.”

“ನನ್ನ ಮೇಲಿರಲಿ, ಪಾಕ್. ಹದಿನೈದು ನಿಮಿಷ ನೀರು ನಿಲ್ಲುತ್ತೆ.”

ಅವರು ಏನೋ ಹೇಳಲು ಬಾಯಿ ತೆರೆದರು. ಎದುರಿಗೆ ಚಟ್ಟ ಇತ್ತು. “ನಿಲ್ಲಲಿ,” ಎಂದರು.

ಹರ್ಜೊನೊ ಅವರಿಗೆ ಒಂದೂ ಕಾಲು ಗಂಟೆಗೆ ಮಣ್ಣಾಯಿತು. ಪಾಲುಪಿ ವಾಹ್ಯುವಿನ ಹೊಸ ಮನೆಯಲ್ಲಿ ಒಂದು ವಾರ ದೀಪ ಹಚ್ಚಿಟ್ಟು, ಎಂಟು ದಿನದ ಮೇಲೆ, ಸೋಮವಾರ ಮಧ್ಯಾಹ್ನ ಎರಡಕ್ಕೆ ಅವನನ್ನು ಸಾಗಿಸಿದಳು. ತುಮಿನಾ ಅಕ್ಕಿ ತೊಳೆಯುತ್ತಿದ್ದಾಗ ನಲ್ಲಿ ನಿಂತಿತು. ಅವರು ಅಕ್ಕಿಯಲ್ಲಿ ಕೈಯಿಟ್ಟುಕೊಂಡೇ ಕೂತರು. ಹನ್ನೊಂದು ನಿಮಿಷಕ್ಕೆ ನೀರು ಬಂತು. ಊರಿನಲ್ಲಿ ಯಾರೂ ದೂರು ಕೊಡಲಿಲ್ಲ.