ಐವತ್ತೆಂಟು ಕಾಲರ್

ದೊಡ್ಡಬಳ್ಳಾಪುರದ ಅಂಚಿನಲ್ಲಿದ್ದ ಹನುಮಂತರಾಯಪ್ಪನ ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತಾರು ಹೊಲಿಗೆ ಯಂತ್ರಗಳು, ಇಪ್ಪತ್ತಾರು ಹೆಂಗಸರು. ಅಲ್ಲೊಂದು ಪದ್ಧತಿಯಿತ್ತು: ಹೊರಗಿನವರು ಯಾರೇ ನೋಡಲು ಬರಲಿ, ಹೆಂಗಸರು ಮಾತು ನಿಲ್ಲಿಸಿ, ಕೈಯನ್ನು ಎಂದಿಗಿಂತ ಚುರುಕಾಗಿ ಓಡಿಸುತ್ತಿದ್ದರು. ಹಾಗೆಂದು ಯಾರೂ ಆಜ್ಞಾಪಿಸಿರಲಿಲ್ಲ. ನೆಂಟರು ಬಂದರೆ ತಾವು ಹಸಿದು ಅವರಿಗೆ ಬಡಿಸುವ ಜನ ಅವರು. ಯಜಮಾನನ ಮರ್ಯಾದೆ ತಮ್ಮ ಕೈಯಲ್ಲಿದೆಯೆಂದು ನಂಬಿದ್ದರು.

ಷರ್ಟು ಹೊಲಿಸುತ್ತಿದ್ದ ಕಂಪನಿ, ದರ ಇಳಿಸದಿದ್ದರೆ ಆರ್ಡರನ್ನು ಬೇರೆಯವರಿಗೆ ಕೊಡುವುದಾಗಿ ತಿಳಿಸಿತ್ತು. ಪೈಪೋಟಿಯಲ್ಲಿ ಉಳಿಯುವ ಉಪಾಯ ಕೇಳಲು ಹನುಮಂತರಾಯಪ್ಪ ಬೆಂಗಳೂರಿನಿಂದ ಅಮರ್ ಎಂಬ ಸಲಹೆಗಾರನನ್ನು ಕರೆಸಿದ. ಅಮರ್ ಗಡಿಯಾರ ಹಿಡಿದು ನಿಂತದ್ದು ಪಿಳ್ಳಮ್ಮನ ಪಕ್ಕದಲ್ಲಿ. ಐವತ್ತೆರಡರ ಆಕೆ ಹದಿನೇಳು ವರ್ಷಗಳಿಂದ ಅಲ್ಲಿ ಕಾಲರ್ ಹೊಲಿಯುತ್ತಿದ್ದಳು.

ಪಕ್ಕದ ಯಂತ್ರದಲ್ಲಿ ಕಾಲರ್ ಹೊಲಿಯುತ್ತಿದ್ದ ಹುಡುಗಿ ಧನುಶ್ರೀ ದನಿ ತಗ್ಗಿಸಿ ನಕ್ಕಳು. "ಏನ್ ಪಿಳ್ಳಕ್ಕಾ, ಹೆಣ್ ನೋಡಾಕ್ ಬಂದಂಗೈತಲ್ಲ! ಸೆರಗು ಸರಿ ಮಾಡ್ಕೊ."

"ಸುಮ್ನಿರೇ, ಓನರ್ ಮಾನ ಹೋಗ್ಬಾರ್ದು," ಎಂದು ಪಿಳ್ಳಮ್ಮ ಪೆಡಲ್ ಒತ್ತಿದಳು.

ಹಳೆಯ ಯಂತ್ರದಲ್ಲಿ ಆರು ಬಾರಿ ದಾರ ತುಂಡಾಯಿತು. ಆಕೆ ದಾರ ಪೋಣಿಸುವಾಗಲೆಲ್ಲ ಅಮರ್ ಗಡಿಯಾರ ನಿಲ್ಲಿಸಿದ. ಹಾಗೆ ಎಣಿಸಿದ ಒಂದು ಗಂಟೆಯಲ್ಲಿ ಐವತ್ತೆಂಟು ಕಾಲರ್ ಆದವು. ನಿತ್ಯ ಆಗುತ್ತಿದ್ದುದು ನಲವತ್ತು. ಯಂತ್ರ ದುರಸ್ತಿಗೆ ಖರ್ಚುಂಟು. ಕೈಗಳನ್ನು ಹಿಂಡುವುದಕ್ಕೆ ಖರ್ಚಿಲ್ಲ. ಮರುದಿನ ಗೋಡೆಯ ಹಲಗೆಯ ಮೇಲೆ, ಕಾಲರ್ ಹೊಲಿಯುವ ಆರು ಮಂದಿಗೂ ಗಂಟೆಗೆ ಐವತ್ತೆಂಟು ಎಂದು ಬರೆಸಲಾಯಿತು.

ಶೌಚಕ್ಕೆ ಏಳಬೇಕಾದೀತೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಆದರೂ ದಿನವಿಡೀ ಅಷ್ಟು ಹೊಲಿಯಲು ಯಾರಿಂದಲೂ ಆಗಲಿಲ್ಲ.

"ನಿನ್ ಕೈ ಸೇದೋಗ!" ಎಂದಳು ಧನುಶ್ರೀ. "ಅಷ್ಟ್ ಹೊಲಿ ಅಂತ ಯಾವನ್ ಕೇಳಿದ್ದ ನಿನ್ನ?"

ಪಿಳ್ಳಮ್ಮ ಹನುಮಂತರಾಯಪ್ಪನ ಮುಂದೆ ಹೋಗಿ ನಿಂತಳು. "ಅವತ್ತು ಬಂದೋರ್ ಮುಂದೆ ನಿಮ್ ಮರ್ವಾದೆ ಉಳೀಲಿ ಅಂತ ಉಸ್ರು ಬಿಗಿಹಿಡಿದು ಹೊಲ್ದೆ ಕಣಣ್ಣ. ದಿನಾ ಆಗಾಕಿಲ್ಲ. ನಲವತ್ತೇ ನಿಜ."

"ಅಂದ್ರೆ ಇಷ್ಟ್ ವರ್ಷ ಮೈಗಳ್ಳತನ ಮಾಡ್ಕಂಡ್ ಬಂದೆ ಅನ್ನು," ಎಂದ ಆತ. "ನಾಳೆ ಅಮರ್ ಸಾರ್ ಬರ್ತಾರೆ. ಎಲ್ರ ಎದುರ್ಗೂ ಹೊಲಿ. ನಲವತ್ತೇ ನಿಜ ಆದ್ರೆ ನೋಡಾನ."

ಉಸಿರು ಬಿಗಿಹಿಡಿದರೆ ಇನ್ನೊಂದು ಗಂಟೆ ಐವತ್ತೆಂಟು ಹೊಲಿಯುವ ಶಕ್ತಿ ಆಕೆಯ ಕೈಯಲ್ಲಿತ್ತು. ಹೊಲಿದರೆ ತನ್ನ ಕೆಲಸ ಭದ್ರ. ಆದರೆ ಆ ಅಂಕಿಯೂ ಭದ್ರ, ಉಳಿದ ಐವರ ಕೊರಳಿಗೆ ಉರುಳೂ ಭದ್ರ. ಮರುದಿನ ಪಿಳ್ಳಮ್ಮ ನಿತ್ಯದ ನಡೆಯಲ್ಲೇ ಹೊಲಿದಳು. ಒಂದು ಹೊಲಿಗೆಯೂ ಡೊಂಕಾಗಲಿಲ್ಲ.

"ನಲವತ್ತು," ಎಂದ ಅಮರ್.

"ಇನ್ನು ಅಳಿಸ್ಬಿಡಣ್ಣ ಹಲಗೆ ಮ್ಯಾಲಿಂದನ್ನ," ಎಂದಳು ಪಿಳ್ಳಮ್ಮ ಯಜಮಾನನಿಗೆ.

"ಯಾಕ್ ಅಳಿಸ್ಲಿ? ಅವತ್ತು ನೀನು ಹೊಲ್ದಿದ್ದು ಸುಳ್ಳಾ? ಸೋತಿರೋದು ನಿನ್ ಕೈ. ನಾಳೆಯಿಂದ ಬರ್ಬೇಡ, ಮೊಮ್ಮಕ್ಕಳನ್ನ ಆಡಿಸ್ಕೊಂಡಿರು," ಎಂದ ಹನುಮಂತರಾಯಪ್ಪ.

ಆಕೆ ಗೆಳತಿಯರತ್ತ ತಿರುಗಿದಳು. "ನೀವಾದ್ರೂ ಒಂದ್ ಮಾತ್ ಹೇಳ್ರೇ."

ಯಂತ್ರಗಳು ಓಡುತ್ತಲೇ ಇದ್ದವು. ಧನುಶ್ರೀ ತುಂಬಿದ ಕಣ್ಣನ್ನು ಭುಜಕ್ಕೆ ಒರೆಸಿಕೊಂಡಳು; ಕೈ ಮಾತ್ರ ನಿಲ್ಲಿಸಲಿಲ್ಲ.

ಪಿಳ್ಳಮ್ಮ ಬಾಗಿಲು ದಾಟುವ ಮೊದಲೇ ಅಮರ್ ಧನುಶ್ರೀಯ ಪಕ್ಕಕ್ಕೆ ಸರಿದು ಗಡಿಯಾರ ಒತ್ತಿದ. ಮುಂದಿನ ಸರದಿ ತನ್ನದೇ ಎಂಬ ಭಯದಲ್ಲಿ ಆ ಹುಡುಗಿ, ಗಂಟೆ ತುಂಬುವುದರೊಳಗೆ, ಅರವತ್ತೊಂದು ಕಾಲರ್ ಹೊಲಿದು ಮುಗಿಸಿದಳು.

ಹನುಮಂತರಾಯಪ್ಪ ತಾನೇ ಎದ್ದು ಹೋಗಿ ಹಲಗೆಯನ್ನು ಅಳಿಸಿದ. ಹೊಸ ಅಂಕಿಯನ್ನು ಇನ್ನಷ್ಟು ದಪ್ಪಗೆ ಬರೆದ.